ಓದುಗರ ಪ್ರಶ್ನೆ: ಚಂಕ್‌ಗೆ ಸೊನ್ನೆ ಕೊಟ್ಟರೆ ಏನಾಗುತ್ತದೆ?

ಜಾವಾಸ್ಕ್ರಿಪ್ಟ್‌ನ ಮೂಲ ಪಾಠಗಳನ್ನು ಮುಗಿಸಿದವರು ಮುಂದೇನು ಮಾಡಬೇಕೆಂದು ಕೇಳಿದಾಗ, ಮತ್ತೆ ಮತ್ತೆ ಬೇಕಾಗುವ ಸಣ್ಣಪುಟ್ಟ ಫಂಕ್ಷನ್‌ಗಳನ್ನು ಒಟ್ಟುಗೂಡಿಸಿ ಸ್ವಂತದ್ದೊಂದು ಯುಟಿಲಿಟಿ ಲೈಬ್ರರಿ ಕಟ್ಟಿ ನೋಡಿ ಎಂದು ಹಿಂದೊಮ್ಮೆ ಈ ಅಂಕಣದಲ್ಲಿ ಬರೆದಿದ್ದೆ. ಆ ಕೆಲಸವನ್ನು ಕೈಗೆತ್ತಿಕೊಂಡವರಿಂದ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಕೋಡನ್ನು ಅಚ್ಚು ಹಾಕುವ ಬದಲು ಅದು ನಡೆಯುವ ಬಗೆಯನ್ನು ಮಾತಿನಲ್ಲೇ ಹೇಳಿದ್ದೇನೆ. ಟೈಪ್ ಮಾಡುವ ಕೆಲಸ ನಿಮ್ಮ ಪಾಲಿಗಿರಲಿ.

ಪ್ರಶ್ನೆ: ಲೊಡ್ಯಾಶ್‌ನಂಥ ಲೈಬ್ರರಿ ಇರುವಾಗ ಅದನ್ನೇ ಮತ್ತೆ ಬರೆಯುವುದೇಕೆ? ನಾನು ನಲವತ್ತು ಫಂಕ್ಷನ್‌ಗಳ ಪಟ್ಟಿ ಮಾಡಿಕೊಂಡು ಹನ್ನೆರಡನ್ನು ಎರಡೇ ದಿನಗಳಲ್ಲಿ ಬರೆದು ಮುಗಿಸಿದೆ. ಆದರೆ ಹೊಸದೇನನ್ನೂ ಕಲಿತಂತೆ ಅನ್ನಿಸುತ್ತಿಲ್ಲ.

ಉತ್ತರ: ಎರಡೇ ದಿನಗಳಲ್ಲಿ ಹನ್ನೆರಡು ಮುಗಿದಿವೆ ಎಂದರೆ, ಅವುಗಳಲ್ಲಿ ಬಹುಪಾಲು ಭಾಷೆಯಲ್ಲಿ ಈಗಾಗಲೇ ಇರುವ ಸೌಲಭ್ಯಕ್ಕೆ ನೀವು ಇಟ್ಟ ಇನ್ನೊಂದು ಹೆಸರಷ್ಟೇ ಆಗಿರಬೇಕು. ಇಂಥ ಲೈಬ್ರರಿಗಳು ಹುಟ್ಟಿದ ಕಾಲವನ್ನು ನೆನಪಿಸಿಕೊಂಡರೆ ಇದು ಸ್ಪಷ್ಟವಾಗುತ್ತದೆ. ಜೆರೆಮಿ ಆಶ್ಕೆನಾಸ್ ಅವರು 2009ರಲ್ಲಿ ಅಂಡರ್‌ಸ್ಕೋರ್ ಲೈಬ್ರರಿಯನ್ನು ಹೊರತಂದಾಗ, ಅರೇಗಳ ಮೇಲೆ ನಾವು ಇಂದು ಯೋಚಿಸದೆ ಬಳಸುವ ಮ್ಯಾಪ್, ಫಿಲ್ಟರ್, ರೆಡ್ಯೂಸ್‌ಗಳು ಎಲ್ಲ ಬ್ರೌಸರ್‌ಗಳಲ್ಲೂ ಇರುತ್ತವೆ ಎಂಬ ಭರವಸೆ ಇರಲಿಲ್ಲ; ಅವುಗಳನ್ನು ಭಾಷೆಯ ಭಾಗವಾಗಿಸಿದ ಐದನೆಯ ಆವೃತ್ತಿಯ ಮಾನದಂಡ ಬಂದದ್ದೇ ಆ ವರ್ಷದ ಕೊನೆಯಲ್ಲಿ. ಲೊಡ್ಯಾಶ್ ಬಂದದ್ದು 2012ರಲ್ಲಿ. ಆಮೇಲೆ ಭಾಷೆಯೇ ಒಂದೊಂದಾಗಿ ಈ ಕೆಲಸಗಳನ್ನು ತನ್ನೊಳಗೆ ಸೇರಿಸಿಕೊಳ್ಳುತ್ತ ಬಂದಿತು: 2016ರಲ್ಲಿ ಇನ್‌ಕ್ಲೂಡ್ಸ್, 2017ರಲ್ಲಿ ಪ್ಯಾಡ್‌ಸ್ಟಾರ್ಟ್, 2019ರಲ್ಲಿ ಫ್ಲಾಟ್, 2024ರಲ್ಲಿ ಗುಂಪು ಮಾಡುವ ಗ್ರೂಪ್‌ಬೈ. ಇವನ್ನೇ ನಿಮ್ಮ ಪಟ್ಟಿಯಲ್ಲಿ ಹಾಕಿಕೊಂಡು ಒಂದೊಂದು ಸಾಲಿನಲ್ಲಿ ಮುಗಿಸಿದರೆ ಕಲಿಯುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ.

ಆದ್ದರಿಂದ ಪಟ್ಟಿಯನ್ನು ನಲವತ್ತರಿಂದ ಆರಕ್ಕೆ ಇಳಿಸಿ, ಆರನ್ನೂ ತುದಿ ಮುಟ್ಟುವವರೆಗೆ ಬಿಡದೆ ಬರೆಯಿರಿ ಎಂಬುದು ನನ್ನ ಸಲಹೆ. ನಾನಾದರೆ ಆರಿಸುವುದು ಇವನ್ನು: ಅರೇಯನ್ನು ತುಂಡುಗಳಾಗಿ ಒಡೆಯುವ ಚಂಕ್, ಪದೇ ಪದೇ ಬರುವ ಕರೆಗಳನ್ನು ತಡೆದು ಕೊನೆಯದನ್ನಷ್ಟೇ ನಡೆಸುವ ಡಿಬೌನ್ಸ್, ಎರಡು ಆಬ್ಜೆಕ್ಟ್‌ಗಳು ಒಳಗಿನಿಂದಲೂ ಒಂದೇ ಆಗಿವೆಯೇ ಎಂದು ನೋಡುವ ಡೀಪ್‌ಈಕ್ವಲ್, ಎರಡನ್ನು ಬೆಸೆಯುವ ಮರ್ಜ್, ಒಮ್ಮೆ ಲೆಕ್ಕ ಹಾಕಿದ ಉತ್ತರವನ್ನು ನೆನಪಿಟ್ಟುಕೊಳ್ಳುವ ಮೆಮೊಯಿಸ್, ಮತ್ತು ಪಠ್ಯವನ್ನು ಅಕ್ಷರಗಳಾಗಿ ಬಿಡಿಸುವ ಒಂದು ಫಂಕ್ಷನ್. ಇವು ಒಂದೊಂದೂ ಭಾಷೆಯ ಬೇರೊಂದು ಮೂಲೆಗೆ ಕರೆದೊಯ್ಯುತ್ತವೆ. ಡೀಪ್‌ಈಕ್ವಲ್ ಬರೆಯಹೊರಟವರು ‘ಸಂಖ್ಯೆಯಲ್ಲ’ ಎಂದು ಸೂಚಿಸುವ ‘ನ್ಯಾನ್’ ಎಂಬ ಬೆಲೆ ತನಗೆ ತಾನೇ ಸಮನಲ್ಲ ಎಂಬುದನ್ನೂ, ‘ನಲ್’ ಯಾವ ಬಗೆಯದು ಎಂದು ಕೇಳಿದರೆ ಭಾಷೆ ‘ಆಬ್ಜೆಕ್ಟ್’ ಎಂದು ಉತ್ತರಿಸುತ್ತದೆ ಎಂಬುದನ್ನೂ, ಒಂದು ಆಬ್ಜೆಕ್ಟ್ ತನ್ನೊಳಗೆ ತನ್ನನ್ನೇ ಇಟ್ಟುಕೊಂಡಿದ್ದರೆ ತಾವು ಬರೆದ ಫಂಕ್ಷನ್ ಕೊನೆಯಿಲ್ಲದೆ ತನ್ನನ್ನೇ ಕರೆಯುತ್ತ ಹೋಗಿ ಸ್ಟ್ಯಾಕ್ ತುಂಬಿ ಬೀಳುತ್ತದೆ ಎಂಬುದನ್ನೂ ಒಂದೇ ಸಂಜೆಯಲ್ಲಿ ಎದುರಿಸಬೇಕಾಗುತ್ತದೆ. ಪಾಠದಲ್ಲಿ ಓದಿದಾಗ ತಮಾಷೆಯ ಸಂಗತಿಗಳಂತೆ ಕಾಣುವ ಇವು, ಸ್ವಂತ ಫಂಕ್ಷನ್ ಕೆಟ್ಟಾಗ ಮಾತ್ರ ಮನಸ್ಸಿನಲ್ಲಿ ನೆಲೆಯಾಗುತ್ತವೆ.

ಪ್ರಶ್ನೆ: ನಾನು ಬರೆದ ಚಂಕ್ ಐದೇ ಸಾಲಿನದು. ಸೊನ್ನೆಯಿಂದ ಹೊರಟು ತುಂಡಿನ ಅಳತೆಯಷ್ಟು ಮುಂದಕ್ಕೆ ಹೋಗುತ್ತ, ಪ್ರತಿ ಸಲವೂ ಸ್ಲೈಸ್ ಮಾಡಿದ, ಅಂದರೆ ಕತ್ತರಿಸಿ ತೆಗೆದ, ಭಾಗವನ್ನು ಹೊಸ ಅರೇಗೆ ಸೇರಿಸುತ್ತದೆ. ಸರಿಯಾಗಿಯೇ ಕೆಲಸ ಮಾಡುತ್ತಿದೆ. ಇದಕ್ಕೂ ಟೆಸ್ಟ್ (ಕೋಡನ್ನು ಪರೀಕ್ಷಿಸುವ ಕೋಡ್) ಬರೆಯಬೇಕೆಂದು ಸ್ನೇಹಿತರು ಒತ್ತಾಯಿಸುತ್ತಾರೆ. ಐದು ಸಾಲಿನಲ್ಲಿ ಟೆಸ್ಟ್ ಮಾಡಲು ಏನಿದೆ?

ಉತ್ತರ: ಬಹಳ ಇದೆ. ನೀವು ವಿವರಿಸಿರುವ ಲೂಪನ್ನೇ ಮುಂದಿಟ್ಟುಕೊಂಡು, ಒಂದರಿಂದ ಐದರವರೆಗಿನ ಅಂಕಿಗಳ ಅರೇಯೊಂದನ್ನು ಅದಕ್ಕೆ ಕೊಡೋಣ.

ಅಳತೆ 2 ಎಂದಾಗ ಎರಡು, ಎರಡು, ಒಂದು ಎಂದು ಮೂರು ತುಂಡುಗಳು ಬರುತ್ತವೆ, ಇದು ಸರಿ. ಅಳತೆ ಸೊನ್ನೆ ಎಂದರೆ ಏನಾಗುತ್ತದೆ ನೋಡಿ. ಎಣಿಕೆ ಸೊನ್ನೆಯಿಂದ ಹೊರಟು ಸೊನ್ನೆಯಷ್ಟೇ ಮುಂದೆ ಹೋಗುತ್ತದೆ, ಅಂದರೆ ನಿಂತಲ್ಲೇ ನಿಲ್ಲುತ್ತದೆ. ಲೂಪ್ ಮುಗಿಯುವುದೇ ಇಲ್ಲ, ಪ್ರತಿ ಸುತ್ತಿನಲ್ಲೂ ಒಂದು ಖಾಲಿ ತುಂಡು ಸೇರುತ್ತ ಹೋಗಿ ಪುಟ ಸ್ತಬ್ಧವಾಗುತ್ತದೆ. ಋಣ ಸಂಖ್ಯೆ ಕೊಟ್ಟರೂ ಅದೇ ಗತಿ, ಏಕೆಂದರೆ ಎಣಿಕೆ ಹಿಂದೆ ಹಿಂದೆ ಸರಿಯುತ್ತದೆಯೇ ಹೊರತು ಅರೇಯ ಉದ್ದವನ್ನು ಎಂದೂ ಮುಟ್ಟುವುದಿಲ್ಲ. ‘ನ್ಯಾನ್’ ಕೊಟ್ಟರೆ ಫಲಿತಾಂಶ ಬೇರೆ: ಮೊದಲ ಸುತ್ತಿನಲ್ಲಿ ಒಂದು ಖಾಲಿ ತುಂಡು ಸಿಕ್ಕಿ, ಎಣಿಕೆಯೂ ನ್ಯಾನ್ ಆಗಿ, ‘ಉದ್ದಕ್ಕಿಂತ ಕಡಿಮೆಯೇ’ ಎಂಬ ಪ್ರಶ್ನೆಗೆ ಅಲ್ಲ ಎಂಬ ಉತ್ತರ ಬಂದು ಲೂಪ್ ಮುಗಿಯುತ್ತದೆ. ಐದು ಅಂಕಿಗಳೂ ಸದ್ದಿಲ್ಲದೆ ಮಾಯವಾಗುತ್ತವೆ.

ಇವೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅಳತೆಯನ್ನು ಸಂಖ್ಯೆಯಾಗಿ ಕೊಡದೆ, ಉದ್ಧರಣ ಚಿಹ್ನೆಯೊಳಗಿನ ‘2’ ಆಗಿ, ಅಂದರೆ ಸ್ಟ್ರಿಂಗ್ ಆಗಿ ಕೊಡಿ. ಇದು ಕಟ್ಟುಕತೆಯಲ್ಲ, ಬ್ರೌಸರ್‌ನ ಇನ್‌ಪುಟ್ ಪೆಟ್ಟಿಗೆಯ ವ್ಯಾಲ್ಯೂ ಎಂದು ಕೇಳಿದರೆ ಸಿಗುವುದು ಯಾವಾಗಲೂ ಸ್ಟ್ರಿಂಗೇ. ಮೊದಲ ಸುತ್ತಿನಲ್ಲಿ ಸೊನ್ನೆಗೆ ‘2’ ಕೂಡಿದರೆ ಎರಡಾಗುವುದಿಲ್ಲ, ಎರಡೂ ಅಂಟಿಕೊಂಡು ‘02’ ಆಗುತ್ತದೆ. ಸ್ಲೈಸ್ ಅದನ್ನು ಸಂಖ್ಯೆ ಎರಡೆಂದು ಓದಿಕೊಂಡು ಮೊದಲ ಎರಡು ಅಂಕಿಗಳನ್ನು ಸರಿಯಾಗಿಯೇ ಕೊಡುತ್ತದೆ. ಎರಡನೆಯ ಸುತ್ತಿನಲ್ಲಿ ‘02’ಕ್ಕೆ ‘2’ ಅಂಟಿಕೊಂಡು ‘022’ ಆಗುತ್ತದೆ. ಎರಡರಿಂದ ಇಪ್ಪತ್ತೆರಡರವರೆಗೆ ಕತ್ತರಿಸು ಎಂದ ಹಾಗಾಗಿ, ಉಳಿದ ಮೂರು ಅಂಕಿಗಳೂ ಒಂದೇ ತುಂಡಿನಲ್ಲಿ ಬಂದುಬಿಡುತ್ತವೆ. ಇಪ್ಪತ್ತೆರಡು ಐದಕ್ಕಿಂತ ದೊಡ್ಡದು, ಲೂಪ್ ಶಾಂತವಾಗಿ ಮುಗಿಯುತ್ತದೆ. ಎರರ್ ಇಲ್ಲ, ಪುಟ ಸ್ತಬ್ಧವಾಗುವುದಿಲ್ಲ, ಯಾವ ಅಂಕಿಯೂ ಕಳೆದುಹೋಗಿಲ್ಲ. ಮೂರು ತುಂಡುಗಳಿರಬೇಕಾದಲ್ಲಿ ಎರಡಿವೆ, ಅಷ್ಟೇ. ಹಿಂದೆ ನಾನೇ ಬರೆದ ಪರದೆಯೊಂದರಲ್ಲಿ ಮೊದಲ ಪುಟ ಸರಿಯಾಗಿದ್ದು, ಎರಡನೆಯ ಪುಟದಲ್ಲಿ ಮಿಕ್ಕ ನೂರಾರು ಸಾಲುಗಳೂ ಒಟ್ಟಿಗೆ ಬಂದು ಕೂತಿದ್ದವು. ಕಾರಣ ಇದೇ. ಅದನ್ನು ಹುಡುಕಲು ಅರ್ಧ ದಿನ ಹಿಡಿಯಿತು, ಏಕೆಂದರೆ ನಾನು ಚಂಕನ್ನು ಬಿಟ್ಟು ಉಳಿದೆಲ್ಲವನ್ನೂ ಅನುಮಾನಿಸುತ್ತಿದ್ದೆ.

ಹೀಗಾಗಿ ಟೆಸ್ಟ್ ಬರೆಯುವ ಮೊದಲು ನೀವೊಂದು ತೀರ್ಮಾನ ಮಾಡಬೇಕು: ತಪ್ಪು ಅಳತೆ ಬಂದಾಗ ನಿಮ್ಮ ಫಂಕ್ಷನ್ ಏನು ಮಾಡುತ್ತದೆ? ಲೊಡ್ಯಾಶ್‌ನ ಚಂಕ್ ಅಳತೆಯನ್ನು ಪೂರ್ಣಾಂಕವಾಗಿ ಬದಲಿಸಿಕೊಳ್ಳುತ್ತದೆ, ಅದು ಒಂದಕ್ಕಿಂತ ಕಡಿಮೆಯಾದರೆ ಖಾಲಿ ಅರೇಯನ್ನು ಮರಳಿಸುತ್ತದೆ. ಕೋಟ್ಯಂತರ ಸಲ ಡೌನ್‌ಲೋಡ್ ಆಗುವ ಲೈಬ್ರರಿಗೆ ಈ ಔದಾರ್ಯ ಒಪ್ಪುತ್ತದೆಯೇನೋ, ಆದರೆ ಕಲಿಯಲೆಂದು ಬರೆಯುತ್ತಿರುವ ನೀವು ಅಷ್ಟು ಉದಾರಿಗಳಾಗಬೇಕಿಲ್ಲ. ಒಂದು ಅಥವಾ ಅದಕ್ಕಿಂತ ದೊಡ್ಡ ಪೂರ್ಣಾಂಕವಲ್ಲದ ಯಾವುದೇ ಅಳತೆಗೂ ರೇಂಜ್ ಎರರ್ ಎಸೆಯಿರಿ, ಆ ಎರರ್‌ನ ಸಂದೇಶದಲ್ಲಿ ನಿಮಗೆ ಬಂದ ಬೆಲೆ ಏನೆಂಬುದನ್ನೂ ಸೇರಿಸಿ. ನಂಬರ್ ಆಬ್ಜೆಕ್ಟಿನ ಈಸ್‌ಇಂಟಿಜರ್ ಪರೀಕ್ಷೆ ಒಂದೇ ಏಟಿಗೆ ಸ್ಟ್ರಿಂಗ್, ನ್ಯಾನ್, ದಶಮಾಂಶ ಮೂರನ್ನೂ ಹೊರಗಿಡುತ್ತದೆ.

ಟೆಸ್ಟ್ ನಡೆಸಲು ಹೊರಗಿನ ಸಾಧನ ಯಾವುದೂ ಬೇಡ. ಬ್ರೌಸರ್‌ನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ 18ನೆಯ ಆವೃತ್ತಿಯಿಂದ ಟೆಸ್ಟ್ ರನ್ನರ್ ಅದರೊಳಗೇ ಇದೆ, 20ನೆಯ ಆವೃತ್ತಿಯಲ್ಲಿ ಅದು ಸ್ಥಿರವೆಂದು ಘೋಷಿತವಾಯಿತು. ಒಂದೇ ಎಚ್ಚರಿಕೆ: ಅರೇಗಳನ್ನು ಹೋಲಿಸಲು ನೋಡ್‌ನ ಪರೀಕ್ಷಾ ಮಾಡ್ಯೂಲ್ ಆದ ಅಸರ್ಟ್‌ನ ‘ಡೀಪ್ ಸ್ಟ್ರಿಕ್ಟ್ ಈಕ್ವಲ್’ ಅನ್ನೇ ಬಳಸಿ. ‘ಸ್ಟ್ರಿಕ್ಟ್’ ಇಲ್ಲದ ಹಳೆಯ ರೂಪ ಸಂಖ್ಯೆ ಒಂದನ್ನೂ ಸ್ಟ್ರಿಂಗ್ ಒಂದನ್ನೂ ಸಮವೆಂದು ಒಪ್ಪಿಬಿಡುತ್ತದೆ, ನಾವು ಹಿಡಿಯಹೊರಟಿರುವ ಕಳ್ಳನೇ ಅದು. ಮೇಲಿನ ತಪ್ಪು ಅಳತೆಗಳ ಜೊತೆಗೆ ಖಾಲಿ ಅರೇ, ಅರೇಗಿಂತ ದೊಡ್ಡ ಅಳತೆ, ಮತ್ತು ಕೊಟ್ಟ ಮೂಲ ಅರೇ ಬದಲಾಗದೆ ಉಳಿದಿದೆಯೇ ಎಂಬುದು, ಇಷ್ಟನ್ನು ಬರೆದರೆ ನಿಮ್ಮ ಐದು ಸಾಲಿಗೆ ಮೂವತ್ತು ಸಾಲಿನ ಟೆಸ್ಟ್ ಆಗುತ್ತದೆ. ಅದು ಹೆಚ್ಚಲ್ಲ.

ಪ್ರಶ್ನೆ: ಸ್ಟ್ರಿಂಗ್ ತಿರುಗಿಸುವ ಮತ್ತು ಮೊಟಕುಗೊಳಿಸುವ ಎರಡು ಫಂಕ್ಷನ್‌ಗಳನ್ನು ಬರೆದೆ. ‘ಕನ್ನಡ’ ಎಂದು ಕೊಟ್ಟರೆ ‘ಡನ್ನಕ’ ಎಂದು ಸರಿಯಾಗಿ ಬರುತ್ತದೆ. ಬೇರೆ ಕೆಲವು ಪದಗಳು ಮಾತ್ರ ವಿಚಿತ್ರವಾಗಿ ಬರುತ್ತಿವೆ. ಇದು ಫಾಂಟಿನ ದೋಷವೇ?

ಉತ್ತರ: ಫಾಂಟ್ ನಿರಪರಾಧಿ. ‘ಕನ್ನಡ’ ಸರಿಯಾಗಿ ಬಂದದ್ದು ಅದೃಷ್ಟವಷ್ಟೇ, ಆ ಪದ ಪರೀಕ್ಷೆಗೆ ಅಷ್ಟೇನೂ ಒಳ್ಳೆಯದಲ್ಲ. ನಮ್ಮ ಕಣ್ಣಿಗೆ ಅದು ಮೂರು ಅಕ್ಷರವಾದರೂ ಜಾವಾಸ್ಕ್ರಿಪ್ಟ್‌ಗೆ ಅದರ ಉದ್ದ ಐದು: ಕ, ನ, ಹಲಂತ ಚಿಹ್ನೆ, ಮತ್ತೆ ನ, ಕೊನೆಗೆ ಡ. ಹಲಂತದ ಎರಡೂ ಕಡೆ ಇರುವುದು ಒಂದೇ ವ್ಯಂಜನವಾದ್ದರಿಂದ ತಿರುಗಿಸಿದರೂ ‘ನ್ನ’ ಹಾಗೆಯೇ ಉಳಿಯಿತು. ಅದೇ ‘ಪುಸ್ತಕ’ವನ್ನು ತಿರುಗಿಸಿ. ಪ, ಉಕಾರದ ಚಿಹ್ನೆ, ಸ, ಹಲಂತ, ತ, ಕ ಎಂಬ ಆರು ಸಂಕೇತಗಳು ಹಿಂದುಮುಂದಾಗಿ ‘ಕತ್ಸುಪ’ ಎಂಬುದು ಹುಟ್ಟುತ್ತದೆ. ಬರಬೇಕಾದದ್ದು ‘ಕಸ್ತಪು’. ಒತ್ತು ತಲೆಕೆಳಗಾಯಿತು, ಪಕಾರದ ಕೊಂಬು ಪಕ್ಕದವರ ಪಾಲಾಯಿತು. ಮೊಟಕುಗೊಳಿಸುವ ಫಂಕ್ಷನ್ನಿನಲ್ಲೂ ಇದೇ ತೊಡಕಿದೆ: ಮೊದಲ ನಾಲ್ಕನ್ನು ಇಟ್ಟುಕೋ ಎಂದರೆ ‘ಪುಸ್’ ಎಂದು ಹಲಂತದಲ್ಲಿ ತುಂಡಾಗುತ್ತದೆ, ಮೊದಲ ಒಂದನ್ನು ಎಂದರೆ ‘ಪು’ ಬದಲು ಬರಿಯ ‘ಪ’ ಸಿಗುತ್ತದೆ.

ಇದಕ್ಕೆ ಭಾಷೆಯಲ್ಲೇ ಅರ್ಧ ಪರಿಹಾರವಿದೆ. ಇಂಟ್ಲ್ ಎಂಬ ಆಬ್ಜೆಕ್ಟಿನೊಳಗಿನ ಸೆಗ್ಮೆಂಟರ್, ಪಠ್ಯವನ್ನು ಓದುಗರು ಅಕ್ಷರವೆಂದು ಭಾವಿಸುವ ಘಟಕಗಳಾಗಿ ಬಿಡಿಸಲು ಪ್ರಯತ್ನಿಸುತ್ತದೆ. ಸ್ವರಚಿಹ್ನೆಗಳನ್ನು ಅದು ವ್ಯಂಜನದಿಂದ ಬೇರ್ಪಡಿಸುವುದಿಲ್ಲ. ಅರ್ಧ ಎಂದು ಏಕೆ ಹೇಳಿದೆನೆಂದರೆ, ಹಲಂತದ ನಂತರ ಬರುವ ಕನ್ನಡ ವ್ಯಂಜನವನ್ನು ಹಿಂದಿನದಕ್ಕೆ ಕೂಡಿಸುವ ನಿಯಮವಿಲ್ಲದ ಎಂಜಿನ್‌ಗಳಲ್ಲಿ (ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶಗಳಲ್ಲಿ) ‘ಪುಸ್ತಕ’ವು ‘ಪು’, ‘ಸ್’, ‘ತ’, ‘ಕ’ ಎಂದು ನಾಲ್ಕಾಗಿ ಒಡೆಯುತ್ತದೆ. ಅದನ್ನು ತಿರುಗಿಸಿ ಜೋಡಿಸಿದರೆ ‘ಕತಸ್ಪು’ ಆಗುತ್ತದೆ, ಅಂದರೆ ಒಂದು ತಪ್ಪು ಹೋಗಿ ಇನ್ನೊಂದು ಬಂತು. ಉಳಿದರ್ಧವನ್ನು ನೀವೇ ಬರೆಯಬೇಕು, ಮತ್ತು ಅದು ಹತ್ತು ಸಾಲು ಮೀರದು: ಸೆಗ್ಮೆಂಟರ್ ಕೊಟ್ಟ ತುಂಡುಗಳನ್ನು ಎಡದಿಂದ ನೋಡುತ್ತ ಬನ್ನಿ, ಒಂದು ತುಂಡು ಹಲಂತದಲ್ಲಿ ಮುಗಿದು ಮುಂದಿನದು ಕನ್ನಡ ವ್ಯಂಜನದಿಂದ ಆರಂಭವಾದರೆ ಮಾತ್ರ ಎರಡನ್ನೂ ಕೂಡಿಸಿ. ‘ಬಸ್’ ಎಂಬ ಪದದ ನಂತರ ಖಾಲಿ ಜಾಗವಿದ್ದರೆ ಅಲ್ಲಿ ಕೂಡಿಸುವಂತಿಲ್ಲವಾದ್ದರಿಂದ ಈ ಎರಡನೆಯ ಷರತ್ತು ಅಗತ್ಯ. ‘ಸಾಫ್ಟ್‌ವೇರ್’ ಎಂಬಂಥ ಪದಗಳಲ್ಲಿ ಒತ್ತು ಮೂಡದಿರಲೆಂದು ನಾವು ನಡುವೆ ಸೇರಿಸುವ, ಕಣ್ಣಿಗೆ ಕಾಣದ ಸಂಕೇತವೊಂದಿದೆಯಲ್ಲ, ಅದು ಹಲಂತದ ತುಂಡಿಗೇ ಅಂಟಿಕೊಂಡು ಅದರ ಕೊನೆಯಲ್ಲಿ ನಿಲ್ಲುತ್ತದೆ. ಹಾಗಾಗಿ ಆ ತುಂಡು ‘ಹಲಂತದಲ್ಲಿ ಮುಗಿಯಿತು’ ಎಂಬ ಪರೀಕ್ಷೆಯಲ್ಲಿ ತಾನಾಗಿಯೇ ಹೊರಗುಳಿಯುತ್ತದೆ, ಬೇರೆ ಏರ್ಪಾಡು ಬೇಕಿಲ್ಲ. ಇಡೀ ಯೋಜನೆಯಲ್ಲಿ ಬೇರೆಯವರ ಲೈಬ್ರರಿಯಲ್ಲಿ ಸುಲಭವಾಗಿ ಸಿಗದ ಫಂಕ್ಷನ್ ಒಂದಿದ್ದರೆ ಅದು ಇದೇ ಎಂದು ನನಗನ್ನಿಸುತ್ತದೆ. ಇದನ್ನು ಮೊದಲು ಬರೆದು, ತಿರುಗಿಸುವುದು ಮತ್ತು ಮೊಟಕುಗೊಳಿಸುವುದು ಎರಡನ್ನೂ ಇದರ ಮೇಲೆ ನಿಲ್ಲಿಸಿ.

ಪ್ರಶ್ನೆ: ಹುಡುಕಾಟದ ಪೆಟ್ಟಿಗೆಗೆ ಡಿಬೌನ್ಸ್ ಬರೆದಿದ್ದೇನೆ. ಎರಡು ತೊಂದರೆಗಳಿವೆ. ಪ್ರತಿ ಕೀಲಿಗೂ ಹುಡುಕಾಟ ನಡೆಯುತ್ತಲೇ ಇದೆ, ಸ್ವಲ್ಪ ತಡವಾಗಿ ಅಷ್ಟೇ. ಟೆಸ್ಟ್‌ಗಳು ನಿಜವಾಗಿಯೂ ಕಾಯಬೇಕಾಗಿರುವುದರಿಂದ ಬಹಳ ನಿಧಾನವಾಗಿವೆ.

ಉತ್ತರ: ಮೊದಲನೆಯ ತೊಂದರೆಯ ಲಕ್ಷಣವನ್ನು ನೀವು ಚೆನ್ನಾಗಿ ಗುರುತಿಸಿದ್ದೀರಿ: ‘ತಡವಾಗಿ, ಆದರೆ ಪ್ರತಿ ಕೀಲಿಗೂ’. ಇಂಥಲ್ಲಿ ತಪ್ಪು ಸಾಮಾನ್ಯವಾಗಿ ಡಿಬೌನ್ಸ್‌ನ ಒಳಗಿರುವುದಿಲ್ಲ, ಅದನ್ನು ಕರೆದ ಜಾಗದಲ್ಲಿರುತ್ತದೆ. ಡಿಬೌನ್ಸ್ ಎಂದರೆ ಒಂದು ಫಂಕ್ಷನ್ನನ್ನು ತೆಗೆದುಕೊಂಡು, ಅದರ ಜೊತೆಗೆ ತನ್ನದೊಂದು ಟೈಮರಿನ ಗುರುತನ್ನು ಕ್ಲೋಷರಿನಲ್ಲಿ, ಅಂದರೆ ಫಂಕ್ಷನ್ ತಾನು ಹುಟ್ಟಿದ ಜಾಗದ ಬೆಲೆಗಳನ್ನು ನೆನಪಿಟ್ಟುಕೊಳ್ಳುವ ಏರ್ಪಾಡಿನಲ್ಲಿ, ಬಚ್ಚಿಟ್ಟುಕೊಂಡ ಹೊಸ ಫಂಕ್ಷನ್ನನ್ನು ಮರಳಿಸುವ ಫಂಕ್ಷನ್. ಹೊಸ ಕರೆ ಬಂದಾಗ ಹಳೆಯ ಟೈಮರನ್ನು ರದ್ದು ಮಾಡುವುದೇ ಅದರ ಇಡೀ ಕೆಲಸ. ನೀವು ಕೀಲಿಯ ಘಟನೆಯನ್ನು ಆಲಿಸುವ ಫಂಕ್ಷನ್ನಿನ ಒಳಗೇ ಡಿಬೌನ್ಸನ್ನು ಕರೆದಿದ್ದರೆ, ಪ್ರತಿ ಕೀಲಿಗೂ ಹೊಸದೊಂದು ಫಂಕ್ಷನ್, ಅದರೊಡನೆ ಹೊಸದೊಂದು ಖಾಲಿ ಟೈಮರ್ ಹುಟ್ಟುತ್ತದೆ; ಹಿಂದಿನದನ್ನು ರದ್ದು ಮಾಡಲು ಅದಕ್ಕೆ ಹಿಂದಿನದರ ಪರಿಚಯವೇ ಇರುವುದಿಲ್ಲ. ಡಿಬೌನ್ಸನ್ನು ಹೊರಗೆ ಒಮ್ಮೆ ಮಾತ್ರ ಕರೆದು, ಸಿಕ್ಕ ಫಂಕ್ಷನ್ನನ್ನು ಆಲಿಸಲು ಕೊಡಿ. ಕ್ಲೋಷರ್ ಎಂದರೇನು ಎಂಬುದಕ್ಕೆ ಇದಕ್ಕಿಂತ ನೇರವಾದ ಪಾಠ ನನಗೆ ಗೊತ್ತಿಲ್ಲ.

ಒಳಗೆ ನೋಡಬೇಕಾದದ್ದೂ ಒಂದಿದೆ. ಮರಳಿಸುವ ಫಂಕ್ಷನ್ನನ್ನು ಬಾಣದ ರೂಪದಲ್ಲಿ ಬರೆದರೆ ಅದಕ್ಕೆ ತನ್ನದೇ ಆದ ‘ದಿಸ್’ ಇರುವುದಿಲ್ಲ, ಆದ್ದರಿಂದ ಅದನ್ನು ಯಾವುದಾದರೂ ಆಬ್ಜೆಕ್ಟಿನ ಮೆಥಡ್ ಆಗಿ ಬಳಸಿದವರಿಗೆ ಆ ಆಬ್ಜೆಕ್ಟ್ ಕಾಣೆಯಾಗುತ್ತದೆ. ಹೊರಗಿನದನ್ನು ಸಾಧಾರಣ ಫಂಕ್ಷನ್ ಆಗಿಯೂ, ಟೈಮರಿಗೆ ಕೊಡುವುದನ್ನು ಬಾಣದ ಫಂಕ್ಷನ್ ಆಗಿಯೂ ಬರೆದು, ಮೂಲ ಫಂಕ್ಷನ್ನನ್ನು ಅಪ್ಲೈ ಮೂಲಕ ಕರೆದರೆ ‘ದಿಸ್’ ಮತ್ತು ಆರ್ಗ್ಯುಮೆಂಟ್‌ಗಳು ಎರಡೂ ಸುರಕ್ಷಿತವಾಗಿ ದಾಟುತ್ತವೆ. ರದ್ದು ಮಾಡುವ ಕ್ಯಾನ್ಸಲ್ ಎಂಬ ಮೆಥಡ್ಡನ್ನೂ ಅದಕ್ಕೆ ಅಂಟಿಸಿ. ಪುಟದ ಆ ಭಾಗವನ್ನು ತೆಗೆದುಹಾಕಿದ ಮೇಲೂ ಓಡುವ ಟೈಮರ್‌ಗಳು ಬಹಳ ಜನರನ್ನು ಕಾಡಿವೆ.

ಟೆಸ್ಟ್ ನಿಧಾನವಾಗುವುದಕ್ಕೆ ಮದ್ದು ಹುಸಿ ಗಡಿಯಾರ. ನೋಡ್‌ನ ಟೆಸ್ಟ್ ರನ್ನರ್‌ನಲ್ಲೇ ಟೈಮರ್‌ಗಳನ್ನು ಅಣಕು ಮಾಡುವ ಸೌಲಭ್ಯವಿದೆ. ಅದನ್ನು ಚಾಲೂ ಮಾಡಿ ‘299 ಮಿಲಿಸೆಕೆಂಡ್ ಮುಂದೆ ಹೋಗು’ ಎಂದರೆ ಕಾಲ ಕ್ಷಣದಲ್ಲಿ ಮುಂದೆ ಹೋಗುತ್ತದೆ. ಆಗ ಫಂಕ್ಷನ್ ಓಡಿರಬಾರದು. ಇನ್ನೊಂದು ಮಿಲಿಸೆಕೆಂಡ್ ಸರಿಸಿದರೆ ಒಮ್ಮೆ, ಒಮ್ಮೆ ಮಾತ್ರ, ಓಡಿರಬೇಕು. ನಿಜವಾದ ಗಡಿಯಾರವನ್ನು ನೆಚ್ಚಿಕೊಂಡು ಈ ಒಂದು ಮಿಲಿಸೆಕೆಂಡಿನ ಅಂಚನ್ನು ಪರೀಕ್ಷಿಸುವುದು ಸಾಧ್ಯವೇ ಇಲ್ಲ. ಮತ್ತೊಂದು ಅಂಚು: ಟೈಮರಿನ ಅವಧಿ 2147483647 ಮಿಲಿಸೆಕೆಂಡ್, ಅಂದರೆ ಸುಮಾರು 24.8 ದಿನ ದಾಟಿದರೆ ನೋಡ್ ಅದನ್ನು 1 ಮಿಲಿಸೆಕೆಂಡ್ ಎಂದೇ ಗಣಿಸುತ್ತದೆ. ಹುಡುಕಾಟದ ಪೆಟ್ಟಿಗೆಗೆ ಇದು ಬೇಕಾಗದು, ಆದರೆ ಟೈಮರ್ ಬಳಸುವ ಫಂಕ್ಷನ್ನಿನ ದಾಖಲೆಯಲ್ಲಿ ಒಂದು ಸಾಲು ಬರೆದಿಡಲು ಅಡ್ಡಿಯಿಲ್ಲ.

ಪ್ರಶ್ನೆ: ನನ್ನ ಫಂಕ್ಷನ್‌ಗಳನ್ನು ಅರೇಯ ಪ್ರೊಟೊಟೈಪಿಗೇ (ಎಲ್ಲ ಅರೇಗಳೂ ತಮ್ಮ ಮೆಥಡ್‌ಗಳನ್ನು ಪಡೆಯುವ ಹಂಚಿಕೆಯ ಆಬ್ಜೆಕ್ಟಿಗೇ) ಸೇರಿಸಿಬಿಟ್ಟರೆ, ಪಟ್ಟಿಯ ಹೆಸರಿನ ಮುಂದೆ ಚುಕ್ಕಿ ಇಟ್ಟು ನೇರವಾಗಿ ಚಂಕ್ ಎಂದು ಕರೆಯಬಹುದು. ಓದಲು ಚೆಂದ. ಎಲ್ಲರೂ ಬೇಡ ಎನ್ನುತ್ತಾರೆ, ಏಕೆಂದು ಯಾರೂ ಹೇಳುವುದಿಲ್ಲ.

ಉತ್ತರ: ಏಕೆಂಬುದಕ್ಕೆ ದಾಖಲಾದ ಪ್ರಸಂಗವೇ ಇದೆ. ಅರೇಯೊಳಗಿನ ಅರೇಗಳನ್ನು ಚಪ್ಪಟೆ ಮಾಡುವ ಮೆಥಡ್ ಒಂದನ್ನು ಭಾಷೆಗೆ ಸೇರಿಸಹೊರಟಾಗ ಅದಕ್ಕೆ ಇಟ್ಟಿದ್ದ ಸಹಜ ಹೆಸರು ‘ಫ್ಲಾಟನ್’. 2018ರಲ್ಲಿ ಫೈರ್‌ಫಾಕ್ಸ್‌ನ ಪ್ರಾಯೋಗಿಕ ಆವೃತ್ತಿಯಲ್ಲಿ ಅದನ್ನು ಬಿಟ್ಟಾಗ, ಹಳೆಯ ಮೂಟೂಲ್ಸ್ ಲೈಬ್ರರಿಯನ್ನು ಬಳಸುತ್ತಿದ್ದ ಜಾಲತಾಣ ಕೆಟ್ಟಿತು, ಏಕೆಂದರೆ ಮೂಟೂಲ್ಸ್ ಅದೇ ಹೆಸರಿನ ತನ್ನ ಮೆಥಡ್ಡನ್ನು ಅರೇಯ ಪ್ರೊಟೊಟೈಪಿಗೆ ಮೊದಲೇ ಸೇರಿಸಿಟ್ಟಿತ್ತು. ‘ಸ್ಮೂಶ್’ ಎಂದು ಹೆಸರಿಡೋಣ ಎಂಬ ತಮಾಷೆಯ ಸಲಹೆಯೂ ಬಂದು, ಕೊನೆಗೆ ಭಾಷೆ ತಲೆಬಾಗಿ ‘ಫ್ಲಾಟ್’ ಎಂಬುದಕ್ಕೆ ಒಪ್ಪಿಕೊಂಡಿತು. ಇಂದು ನಾವು ಬಳಸುವ ‘ಇನ್‌ಕ್ಲೂಡ್ಸ್’ ಕೂಡ ಮೊದಲು ‘ಕಂಟೇನ್ಸ್’ ಆಗಿತ್ತು, ಅದು ಬದಲಾದದ್ದೂ ಮೂಟೂಲ್ಸ್ ಜೊತೆಗಿನ ಇಂಥದ್ದೇ ಘರ್ಷಣೆಯಿಂದ. ಪ್ರೊಟೊಟೈಪ್ ಎಲ್ಲರೂ ನೀರು ಸೇದುವ ಬಾವಿ. ನಿಮ್ಮ ಲೈಬ್ರರಿಯನ್ನು ಆಮದು ಮಾಡಿಕೊಳ್ಳದ ಕೋಡಿಗೂ ನಿಮ್ಮ ಚಂಕ್ ಕಾಣಿಸುತ್ತದೆ, ಅರೇಯ ಮೇಲೆ ‘ಫಾರ್ ಇನ್’ ಲೂಪ್ ಓಡಿಸಿದವರಿಗೆ ಅಂಕಿಗಳ ಜೊತೆ ಚಂಕ್ ಎಂಬ ಹೆಸರೂ ಎದುರಾಗುತ್ತದೆ.

ನೀವು ಬೇಕೆಂದು ಸೇರಿಸದಿದ್ದರೂ ಪ್ರೊಟೊಟೈಪ್ ಕೆಡಬಹುದು ಎಂಬುದು ಇದಕ್ಕಿಂತ ಗಂಭೀರ. ನಿಮ್ಮ ಪಟ್ಟಿಯಲ್ಲಿ ಮರ್ಜ್ ಇದ್ದರೆ, ಹೊರಗಿನಿಂದ ಬಂದ ಜೇಸನ್ ಪಠ್ಯದಲ್ಲಿ ಎರಡೆರಡು ಅಡಿಗೆರೆಗಳ ನಡುವೆ ‘ಪ್ರೊಟೊ’ ಎಂದು ಬರೆದ ಕೀಲಿಯೊಂದನ್ನು ಇಟ್ಟು ನೋಡಿ. ಕೀಲಿಗಳನ್ನು ಒಂದೊಂದಾಗಿ ಒಳಹೊಕ್ಕು ನಕಲಿಸುವ ಮುಗ್ಧ ಮರ್ಜ್ ಆ ಕೀಲಿಯ ಮೂಲಕ ಎಲ್ಲ ಆಬ್ಜೆಕ್ಟ್‌ಗಳ ಮೂಲ ಪ್ರೊಟೊಟೈಪಿಗೇ ಇಳಿದು ಅಲ್ಲಿ ಬರೆದುಬಿಡುತ್ತದೆ. ಆಮೇಲೆ ಹುಟ್ಟುವ ಖಾಲಿ ಆಬ್ಜೆಕ್ಟಿನಲ್ಲೂ ದಾಳಿಕಾರ ಇಟ್ಟ ಬೆಲೆ ಕಾಣಿಸುತ್ತದೆ. ಪಳಗಿದವರೂ ಇದರಲ್ಲಿ ಎಡವಿದ್ದಾರೆ: ಲೊಡ್ಯಾಶ್‌ನ ಡಿಫಾಲ್ಟ್ಸ್‌ಡೀಪ್ ಎಂಬ ಫಂಕ್ಷನ್ನಿನಲ್ಲಿದ್ದ ಇದೇ ಜಾತಿಯ ದೋಷವನ್ನು 2019ರಲ್ಲಿ 4.17.12ನೆಯ ಆವೃತ್ತಿಯಲ್ಲಿ ಸರಿಪಡಿಸಲಾಯಿತು. ಆ ಕೀಲಿಯನ್ನೂ, ‘ಕನ್‌ಸ್ಟ್ರಕ್ಟರ್’ ಮತ್ತು ‘ಪ್ರೊಟೊಟೈಪ್’ ಎಂಬ ಕೀಲಿಗಳನ್ನೂ ನಕಲಿಸದೆ ಬಿಡಿ, ಆ ದಾಳಿಯನ್ನೇ ಒಂದು ಟೆಸ್ಟ್ ಆಗಿ ಬರೆದಿಡಿ.

ಪ್ರಶ್ನೆ: ಲೈಬ್ರರಿ ಸಿದ್ಧವಾಗಿದೆ. ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಸಾರ್ವಜನಿಕ ಭಂಡಾರವಾದ ಎನ್‌ಪಿಎಂನಲ್ಲಿ ಪ್ರಕಟಿಸಲೇ? ಬರೀ ಕಲಿಕೆಯ ಕೆಲಸವನ್ನು ಅಲ್ಲಿ ಹಾಕುವುದು ಸರಿಯೇ? ಆವೃತ್ತಿ ಸಂಖ್ಯೆ ಏನಿಡಬೇಕು?

ಉತ್ತರ: ಪ್ರಕಟಿಸಿ, ಆದರೆ ನಿಮ್ಮ ಬಳಕೆದಾರ ಹೆಸರಿನ ಸ್ಕೋಪ್‌ನೊಳಗೆ (ಆ ಹೆಸರನ್ನು ಮುಂದಿಟ್ಟ ಪ್ಯಾಕೇಜ್ ಹೆಸರಿನಡಿ) ಇಡಿ, ಯಾರಿಗಾದರೂ ಬೇಕಾಗಬಹುದಾದ ಸಾಮಾನ್ಯ ಹೆಸರೊಂದನ್ನು ಅಭ್ಯಾಸಕ್ಕಾಗಿ ಹಿಡಿದಿಡುವುದು ಸೌಜನ್ಯವಲ್ಲ. ಪ್ರಕಟಿಸುವ ಮೊದಲು ಪ್ಯಾಕ್ ಕಮಾಂಡನ್ನು ‘ಡ್ರೈ ರನ್’ ಆಯ್ಕೆಯೊಡನೆ ಓಡಿಸಿ, ಯಾವ ಯಾವ ಫೈಲುಗಳು ಹೊರಗೆ ಹೋಗಲಿವೆ ಎಂಬುದನ್ನು ಕಣ್ಣಾರೆ ನೋಡಿ. ಪಾಸ್‌ವರ್ಡ್ ಇಟ್ಟ ಫೈಲುಗಳು ಹೊರಬೀಳುವುದು ಈ ಹೆಜ್ಜೆಯನ್ನು ಬಿಟ್ಟವರಲ್ಲೇ. ಲೈಸೆನ್ಸ್ ಫೈಲನ್ನು ಮರೆಯಬೇಡಿ. ಅದಿಲ್ಲದಿದ್ದರೆ ಕೋಡ್ ಎಲ್ಲರಿಗೂ ಕಂಡರೂ ಬಳಸುವ ಹಕ್ಕು ಯಾರಿಗೂ ಸಿಗುವುದಿಲ್ಲ. ಎಂಐಟಿ ಲೈಸೆನ್ಸ್ ಸಾಕು.

ಪ್ರಕಟಿಸಿದ್ದನ್ನು ಬೇಡವೆಂದಾಗ ಹಿಂತೆಗೆಯಬಹುದು ಎಂದುಕೊಳ್ಳಬೇಡಿ. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ಅದರ ಕರ್ತೃ, ಬೇರೊಂದು ಪ್ಯಾಕೇಜಿನ ಹೆಸರಿನ ಜಗಳದಿಂದ ಬೇಸತ್ತು, ತಮ್ಮ ಉಳಿದ ಪ್ಯಾಕೇಜ್‌ಗಳೊಡನೆ ತೆಗೆದುಹಾಕಿದಾಗ, ಅದನ್ನು ನೇರವಾಗಿಯೋ ಸುತ್ತುಬಳಸಿಯೋ ನೆಚ್ಚಿಕೊಂಡಿದ್ದ ಲೆಕ್ಕವಿಲ್ಲದಷ್ಟು ಯೋಜನೆಗಳ ಬಿಲ್ಡ್ ನಿಂತುಹೋಯಿತು. ಸ್ಟ್ರಿಂಗಿನ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸವಾಗಿತ್ತು, ಅಂದರೆ ಅದು ನಿಮ್ಮ ಲೈಬ್ರರಿಯಲ್ಲಿರುವಂಥದ್ದೇ ಒಂದು ಫಂಕ್ಷನ್. ಎನ್‌ಪಿಎಂ ಅದನ್ನು ತಾನೇ ಮರಳಿ ಸ್ಥಾಪಿಸಬೇಕಾಯಿತು, ನಿಯಮಗಳೂ ಬಿಗಿಯಾದವು. ಈಗ ಬೇರೆ ಪ್ಯಾಕೇಜ್‌ಗಳು ನೆಚ್ಚಿಕೊಂಡಿರದಿದ್ದರೆ ಮೊದಲ 72 ಗಂಟೆಗಳಲ್ಲಿ ಹಿಂತೆಗೆಯಬಹುದು. ಅನಂತರ ಷರತ್ತುಗಳು ಹೆಚ್ಚು. ಹಿಂತೆಗೆದ ಆವೃತ್ತಿ ಸಂಖ್ಯೆಯನ್ನು ಮತ್ತೆ ಬಳಸುವಂತಿಲ್ಲ.

ಸಂಖ್ಯೆಯನ್ನು 0.1.0 ಎಂದು ಆರಂಭಿಸಿ. ಮೊದಲ ಅಂಕಿ ಸೊನ್ನೆಯಾಗಿರುವವರೆಗೆ ಏನು ಬೇಕಾದರೂ ಬದಲಾಗಬಹುದೆಂದು ಓದುವವರಿಗೆ ಅರ್ಥವಾಗುತ್ತದೆ. 1.0.0 ದಾಟಿದ ಮೇಲೆ ದೋಷ ತಿದ್ದಿದರೆ ಮೂರನೆಯ ಅಂಕಿ, ಹಳೆಯದನ್ನು ಮುರಿಯದೆ ಹೊಸದನ್ನು ಸೇರಿಸಿದರೆ ಎರಡನೆಯದು, ಹಳೆಯದನ್ನು ಮುರಿದರೆ ಮೊದಲನೆಯದು ಏರಬೇಕು. ‘ಮುರಿಯುವುದು’ ಎಂದರೆ ಯಾವುದು ಎಂಬಲ್ಲಿ ಹೊಸಬರು ಗೊಂದಲಕ್ಕೆ ಬೀಳುತ್ತಾರೆ. ಉದಾಹರಣೆಗೆ, ನಿಮ್ಮ ಚಂಕ್ ಸೊನ್ನೆಯ ಅಳತೆಗೆ ಈವರೆಗೆ ಖಾಲಿ ಅರೇಯನ್ನು ಮರಳಿಸುತ್ತಿತ್ತು ಎಂದೂ ಅದನ್ನು ದಾಖಲೆಯಲ್ಲಿ ಬರೆದಿದ್ದಿರಿ ಎಂದೂ ಇಟ್ಟುಕೊಳ್ಳಿ. ಮೇಲಿನ ಸಲಹೆಯನ್ನು ಓದಿ ಈಗ ಎರರ್ ಎಸೆಯಲು ನಿರ್ಧರಿಸಿದ್ದೀರಿ. ನಿಮ್ಮ ದೃಷ್ಟಿಯಲ್ಲಿ ಅದು ಸುಧಾರಣೆ, ಬದಲಾದದ್ದು ಒಂದೇ ಸಾಲು. ಆದರೆ ಆ ಖಾಲಿ ಅರೇಯನ್ನು ನೆಚ್ಚಿಕೊಂಡು ಬರೆದವರ ಪುಟ ನಾಳೆ ಬೆಳಗ್ಗೆ ನಿಲ್ಲುತ್ತದೆ, ಆದ್ದರಿಂದ ನೀವು 1.4.2ರಲ್ಲಿದ್ದರೆ ಮುಂದಿನ ಸಂಖ್ಯೆ 1.4.3 ಅಲ್ಲ, 2.0.0.